ಚೇಚಿ ನನ್ನ ಮಗುವಿಗೆ ಹಾಕಿದ ನೀರು

ನಮ್ಮ ಹುಣಸೂರಿನ ಮನೆಯಲ್ಲಿ ನಲವತ್ತು ವರ್ಷಕ್ಕೂ ಮೇಲೆ ಅಡುಗೆ ಮಾಡಿದ ಚೇಚಿ ಹೋದ ವರ್ಷ ತೀರಿಕೊಂಡಳು. ಎಚ್.ಡಿ. ಕೋಟೆಯ ಆಚೆ, ಅಂತರಸಂತೆ ಕಡೆ ಬಂದು ನೆಲೆಸಿದ ಮಲಯಾಳಿ ಕ್ಯಾಥೊಲಿಕ್ಕರ ಪೈಕಿ. ಚೇಚಿ ಅಂದರೆ ಅವರಲ್ಲಿ ಅಕ್ಕ. ನನಗಿಂತ ಎರಡು ವರ್ಷಕ್ಕೆ ದೊಡ್ಡವಳೆಂದು ನಾನು ಹಾಗೆ ಕರೆಯುತ್ತಿದ್ದೆ. ಅವಳು ಮಾತ್ರ ನನ್ನನ್ನು ಅಮ್ಮಾ ಅನ್ನುತ್ತಿದ್ದಳು. ಅವಳ ಕೊನೆಯ ದಿನ ನಾನು ನಡೆದುಕೊಂಡದ್ದು ಸರಿಯಿರಲಿಲ್ಲ. ಅದನ್ನು ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ನಾನು ಓದಿದ್ದು ಮೈಸೂರಿನ ಕಾನ್ವೆಂಟಿನಲ್ಲಿ, ಬೋರ್ಡಿಂಗ್‌ನಲ್ಲಿದ್ದುಕೊಂಡು. ಕ್ಯಾಥೊಲಿಕ್ ಹುಡುಗಿಯರಿಗೆ ಕ್ಯಾಟಿಕಿಸಂ ಇದ್ದಾಗ ನಮಗೆ ಮಾರಲ್ ಸೈನ್ಸ್. ಒಮ್ಮೆ ನಮ್ಮ ಟೀಚರ್ ಬಾರದೆ, ನಮ್ಮನ್ನೂ ಅವರ ಕ್ಲಾಸಿನ ಹಿಂದಿನ ಬೆಂಚಿನಲ್ಲಿ ಕೂರಿಸಿದರು. ಯಾರಾದರೂ ಸಾಯುವ ಸ್ಥಿತಿಯಲ್ಲಿದ್ದು ಫಾದರ್ ಸಿಗದೇ ಹೋದರೆ, ಯಾರು ಬೇಕಾದರೂ ತಲೆಗೆ ನೀರು ಹಾಕಿ ನಾಲ್ಕು ಮಾತು ಹೇಳಿ ಬ್ಯಾಪ್ಟಿಸಂ ಕೊಡಬಹುದು, ಆಗ ಆ ಆತ್ಮಕ್ಕೆ ಸ್ವರ್ಗ ಎಂದು ಸಿಸ್ಟರ್ ಹೇಳಿದರು. ನಾನು ಎದ್ದು ನಿಂತು, "ಸಿಸ್ಟರ್, ನಮ್ಮಜ್ಜಿಗೆ ಯಾರೂ ನೀರು ಹಾಕಿಲ್ಲ, ಅವರು?" ಎಂದೆ.

"ಪ್ರೇ ಫಾರ್ ಹರ್, ಚೈಲ್ಡ್," ಅಂದರು. ದನಿಯಲ್ಲಿ ಮರುಕವಿತ್ತು. ಅದಕ್ಕೇ ನನಗೆ ಅಳು ಬಂತು.

ರಜೆಯಲ್ಲಿ ಅಜ್ಜಿಗೆ ಹೇಳಿದರೆ ಬಿದ್ದುಬಿದ್ದು ನಕ್ಕರು. "ನಾನೆಲ್ಲಿಗೋಯ್ತೀನಿ ಅಂತ ಅವ್ಳಿಗ್ಯಾಕವ್ವ ಯೋಚ್ನೆ? ಕತ್ನಲ್ಲಿ ಲಿಂಗ ಇಲ್ದೋಳು, ಭವಿ. ಅವ್ಳೆಲ್ಲಿಗೋಯ್ತಾಳಂತೆ, ಕೇಳ್ದಾ? ಪಾಪ, ನಿಂಗೆ ಜಡೆ ಚೆಂದಾಗಿ ಆಕ್ತಾಳೆ, ಒಳ್ಳೆ ಎಂಗ್ಸೇಯ."

ಲಿಂಗ ಕಟ್ಟದವರೆಲ್ಲ ಅಜ್ಜಿಗೆ ಭವಿಗಳು, ಹುಟ್ಟುಸಾವಿನ ಸುತ್ತಿನಲ್ಲೇ ಉಳಿದವರು. ಇಬ್ಬರೂ ನನ್ನನ್ನು ಪ್ರೀತಿಸಿದವರೇ; ಒಬ್ಬರನ್ನೊಬ್ಬರು ಬಾಗಿಲಾಚೆ ನಿಲ್ಲಿಸಿ ಪಾಪ ಎಂದವರೂ ಹೌದು. ನಾನು ಎರಡನ್ನೂ ಪೂರ್ತಿ ನಂಬದೆ, ತುಂಬ ಬ್ರಾಡ್‌ಮೈಂಡೆಡ್ ಅಂದುಕೊಂಡು ಬೆಳೆದೆ.

ನಮ್ಮಲ್ಲಿ ಕೂಸು ಹುಟ್ಟಿದ ಕೆಲವೇ ದಿನಕ್ಕೆ ಅಯ್ಯನವರನ್ನು ಕರೆಸಿ ಲಿಂಗ ಕಟ್ಟಿಸುತ್ತಾರೆ. ನನ್ನ ಎರಡನೆಯ ಮಗು ಹುಟ್ಟಿದಾಗ, ಹೆಣ್ಣುಮಗು, ನಾನೇ ತಡೆದೆ. ಎಳೆಚರ್ಮಕ್ಕೆ ದಾರ ಉಜ್ಜಿ ಇನ್‌ಫೆಕ್ಷನ್ ಆಗುತ್ತೆ, ಮೂರು ತಿಂಗಳಾಗಲಿ ಎಂದೆ. ಬಾಣಂತನಕ್ಕೆಂದು ಕಟ್ಟೆಮಳಲವಾಡಿಯಿಂದ ಬಂದಿದ್ದ ಅತ್ತೆ ಗೊಣಗಿದರು: "ನಮ್ ಕೂಸ್ಗಳ್ಗೆಲ್ಲ ಕಟ್ಟಿಲ್ವಾ? ಯಾರ್ ಕತ್ತು ಕೊಳ್ತೋಗದೆ? ಬುಡು, ಓದಿರೋ ಸೊಸೆ ತಂದ್ಮೇಲೆ ನಾವು ಬಾಯ್ ಮುಚ್ಕಂಡಿರ್ಬೇಕು."

ಹತ್ತೊಂಬತ್ತನೆಯ ದಿನ ಮಗುವಿಗೆ ಜ್ವರ ಏರಿತು. ಮೈಸೂರಿಗೆ ಕಾರಿನಲ್ಲಿ ಹೊರಟೆವು. ಬಿಳಿಕೆರೆ ದಾಟುವ ಮೊದಲೇ ನನ್ನ ಮಡಿಲಲ್ಲಿ ತಣ್ಣಗಾಯಿತು.

ಅತ್ತೆ ನನ್ನನ್ನು ಬೈಯಲಿಲ್ಲ. "ಲಿಂಗ ಇಲ್ದೆ ಓಯ್ತಲ್ಲವ್ವ ನನ್ ಕೂಸು," ಎಂದು ಅತ್ತರು, ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು. ದೇವರು ದಾರ ನೋಡಿ ಮಗುವನ್ನು ಒಳಗೆ ಬಿಡುತ್ತಾನೆಯೇ ಎಂದು ನನಗೆ ನಾನೇ ಎಷ್ಟೋ ಸಲ ವಾದಿಸಿದ್ದೇನೆ. ಆದರೂ ಬೆಳಿಗ್ಗೆ ಪೂಜೆಗೆ ಕೂತು ನನ್ನ ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡಾಗ ಕಣ್ಣೆತ್ತಿ ನೋಡಲು ಆಗುತ್ತಿರಲಿಲ್ಲ.

ಹೋದ ವರ್ಷ ಚೇಚಿಗೆ ಲಿವರ್ ಕೆಟ್ಟಿತು. ಇನ್ನೇನೂ ಮಾಡುವಂತಿಲ್ಲ ಎಂದು ಡಾಕ್ಟರ್ ಮನೆಗೆ ಕಳಿಸಿದರು. ಒಂದು ಬೆಳಿಗ್ಗೆ ಫಾದರ್ ಬಂದು, ಬಾಗಿಲು ಹಾಕಿಕೊಂಡು ಅವಳ ಕನ್ಫೆಷನ್ ಕೇಳಿ, ಹಣೆಗೆ ಎಣ್ಣೆ ಹಚ್ಚಿ ಹೋದರು. ನಾನು ಗಂಜಿ ತಂದೆ.

"ಅಮ್ಮಾ, ಫಾದರ್ ಹತ್ರ ಒಂದು ವಿಷ್ಯ ಹೇಳ್ದೆ. ಅದು ಪಾಪ ಅಲ್ಲ ಅಂದ್ರು. ಅಮ್ಮನ ಹತ್ರಾನೂ ಹೇಳ್ಬೇಕು."

"ಏನು, ನನ್ನ ಗೋಡಂಬಿ ಡಬ್ಬ ಖಾಲಿ ಮಾಡಿದ್ದಾ?"

ಅವಳು ನಗಲಿಲ್ಲ. "ಆವತ್ತು ಕಾರ್ ಬರೋ ಮುಂಚೆ ಅಮ್ಮ ಸೀರೆ ಬದ್ಲಾಯ್ಸೋಕೆ ಹೋದ್ರಲ್ಲ, ಮೋಳ್ ನನ್ನ ಕೈಯಲ್ಲಿದ್ಲು." ಮೋಳ್ ಅಂದರೆ ಅವರಲ್ಲಿ ಮಗಳು. "ಉಸಿರು ಸರಿ ಇರ್ಲಿಲ್ಲ. ಅಡುಗೆಮನೆಗೆ ಹೋಗಿ ಹಣೆ ಮೇಲೆ ನೀರು ಹಾಕ್ದೆ. ಮಾತು ಹೇಳ್ದೆ. ಒಂದು ಹೆಸ್ರೂ ಇಟ್ಟೆ. ಅಮ್ಮನ ಮಗೂನ ಅಮ್ಮನ್ನ ಕೇಳ್ದೆ ನಮ್ಮವಳು ಮಾಡ್ಕೊಂಡೆ. ಕ್ಷಮಿಸ್ತೀರಾ?"

ನಾನು ಗಂಜಿಯ ಬಟ್ಟಲನ್ನು ಸ್ಟೂಲಿನ ಮೇಲೆ ಕುಕ್ಕಿದೆ. "ನಿನ್ನನ್ನ ಯಾರು ಕೇಳಿದ್ರು? ನನ್ನ ಮಗೂನ ನಿಮ್ಮ ಸ್ವರ್ಗಕ್ಕೆ ಎಳ್ಕೊಂಡು ಹೋಗೋಕೆ ನೀನ್ಯಾರು? ಹೌ ಡೇರ್ ಯು!" ಅಷ್ಟು ವರ್ಷಗಳಲ್ಲಿ ಅವಳೊಂದಿಗೆ ಹಾಗೆ ಮಾತಾಡಿದವಳಲ್ಲ.

"ಹೊರಗೆ ನಿಲ್ಲಬಾರ್ದು ಅಂತ, ಅಮ್ಮಾ... ಅಷ್ಟು ಸಣ್ಣದು..."

ನಾನು ಹಿತ್ತಲಿಗೆ ನಡೆದು, ಇನ್ನೂ ಒಣಗದ ಬಟ್ಟೆಗಳನ್ನು ತೆಗೆದು ಮಡಚುತ್ತಾ ನಿಂತೆ.

ಆ ಸಿಟ್ಟು ಧರ್ಮದ್ದಾಗಿರಲಿಲ್ಲ. ಧರ್ಮಕ್ಕಾಗಿ ಸಿಟ್ಟಾಗುವಷ್ಟು ನಿಷ್ಠೆ ನನಗೆಂದೂ ಇರಲಿಲ್ಲ. ನನ್ನ ಮಗು ಎಲ್ಲಿಗೆ ಹೋಗುತ್ತದೋ ಎಂದು ಆ ಗಳಿಗೆಯಲ್ಲಿ ಹೆದರಿದವಳು ಅವಳು. ನಾನು ಮೈಸೂರಿಗೆ ಹೊರಡಲು ಒಳ್ಳೆಯ ಸೀರೆ ಹುಡುಕುತ್ತಿದ್ದೆ. ನಾನು ಬೇಡ ಅಂದದ್ದನ್ನು ಅವಳು ತನಗೆ ಗೊತ್ತಿದ್ದ ರೀತಿಯಲ್ಲಿ ಮಾಡಿದ್ದಳು. ಅದನ್ನು ಕೇಳಿ ತಡೆದುಕೊಳ್ಳಲು ನನಗೆ ಆಗಲಿಲ್ಲ.

ಒಳಗೆ ಬಂದಾಗ ಅವಳಿಗೆ ಎಚ್ಚರ ತಪ್ಪಿತ್ತು. ಕೈ ಹಿಡಿದು, "ಆಯ್ತು ಚೇಚಿ, ಆಯ್ತು ಕಣೆ," ಎಂದೆ. ಕೇಳಿಸಿತೋ ಇಲ್ಲವೋ. ಸಂಜೆಗೆ ಮುಂಚೆ ಹೋದಳು. ಅವಳ ದೇವರ ಜೊತೆಗಿನದೆಲ್ಲ ಬೆಳಿಗ್ಗೆಯೇ ಇತ್ಯರ್ಥವಾಗಿತ್ತು. ಅವಳು ಕಾದಿದ್ದದ್ದು ನನ್ನ ಒಂದು ಮಾತಿಗೆ.

ಅವಳನ್ನು ಮಣ್ಣು ಮಾಡಿದ ಮೇಲೆ ಫಾದರನ್ನು ಪಕ್ಕಕ್ಕೆ ಕರೆದೆ. "ನನ್ನ ಮಗುವಿಗೆ ಒಂದು ಹೆಸರಿಟ್ಟೆ ಅಂದಿದ್ದಳು. ಏನಂತ ನಿಮಗೆ ಹೇಳಿದಳಾ?"

"ಕನ್ಫೆಷನ್‌ನಲ್ಲಿ ಕೇಳಿದ್ದು ಏನೇ ಇದ್ರೂ ನಾನು ಹೇಳೋ ಹಾಗಿಲ್ಲಮ್ಮ. ನಿಮ್ಗೇ ಗೊತ್ತಲ್ಲ, ಕಾನ್ವೆಂಟಲ್ಲಿ ಓದಿದೋರು."

ಗೊತ್ತಿತ್ತು. ತೊಟ್ಟಿಲಿಗೆ ಹಾಕುವ ಮೊದಲೇ ಹೋದ ಕೂಸಿಗೆ ನಾವು ಯಾವ ಹೆಸರನ್ನೂ ಇಟ್ಟಿರಲಿಲ್ಲ. ಇದ್ದದ್ದು ಅದೊಂದೇ. ಏನಂತ ಇಟ್ಟೆ ಎಂದು ಕೇಳಿದ್ದರೆ ಚೇಚಿ ಹೇಳುತ್ತಿದ್ದಳು.