ಎದುರಿಗೆ ಬಂದ ವಿಮಾನದಲ್ಲಿ ಒಬ್ಬರೇ ಇದ್ದರು

ದೆವ್ವ, ಗಾಳಿ, ಸೂಚನೆ ಎಂದು ಯಾರಾದರೂ ಮಾತು ಎತ್ತಿದರೆ ನಗುತ್ತಿದ್ದವನು ನಾನು. ಹಿರಿಯೂರಿನಲ್ಲಿ ನಮ್ಮ ಬೀದಿಯ ಕೊನೆಗೆ ಒಂದು ಹುಣಸೇಮರವಿತ್ತು. ಹೊತ್ತು ಮುಳುಗಿದ ಮೇಲೆ ಅದರ ಹತ್ತಿರ ಯಾರೂ ಸುಳಿಯುತ್ತಿರಲಿಲ್ಲ. ನಾನು ಗೆಳೆಯರ ಹತ್ತಿರ ಪಂದ್ಯ ಕಟ್ಟಿ ಅದರ ಕೆಳಗೇ ಚಾಪೆ ಹಾಸಿ ಮಲಗಿ, ಬೆಳಿಗ್ಗೆ ಊದಿದ ಮುಖ ಹೊತ್ತು ಬಂದಿದ್ದೆ. ಸೊಳ್ಳೆ ಬಿಟ್ಟರೆ ಅಲ್ಲಿ ಏನೂ ಇಲ್ಲ ಎಂದು ಊರಿಗೆಲ್ಲ ಹೇಳಿದ್ದೆ. ಹಾಗಾಗಿ ಈಗ ಬರೆಯುತ್ತಿರುವುದನ್ನು ನೀವು ನಂಬದಿದ್ದರೆ ನನಗೆ ಬೇಸರವಿಲ್ಲ. ನಿಮ್ಮ ಜಾಗದಲ್ಲಿದ್ದರೆ ನಾನೂ ನಂಬುತ್ತಿರಲಿಲ್ಲ.

ನಾವಿರುವುದು ಅಮೆರಿಕದ ನ್ಯೂಜೆರ್ಸಿಯ ಮೆಟುಚೆನ್‌ನಲ್ಲಿ. ಹೆಂಡತಿ ಸುಮಾಳ ಕೆಲಸದ ವೀಸಾ ಹಿಡಿದುಕೊಂಡು ಬಂದವನು ನಾನು. ನನ್ನ ಓದು ತಡವಾಗಿ ಆದದ್ದು. ಪಂಕ್ಚರ್ ಅಂಗಡಿಯಲ್ಲಿ ಕೆಲಸ ಮಾಡುತ್ತಾ ಎಸ್ಸೆಸ್ಸೆಲ್ಸಿ ಕಟ್ಟಿ ಪಾಸಾದೆ, ಆಮೇಲೆ ಡಿಪ್ಲೊಮಾ ಮಾಡಿದೆ. ಈಗ ಸೀಕಾಕಸ್‌ನ ಒಂದು ಗೋದಾಮಿನಲ್ಲಿ ಸರಕು ಎತ್ತುವ ಫೋರ್ಕ್‌ಲಿಫ್ಟ್ ಗಾಡಿಗಳ ರಿಪೇರಿ ಮಾಡುತ್ತೇನೆ. ಪಾಟೀಲ ಡಾಕ್ಟರು ಸಿಕ್ಕಿದ್ದು ನ್ಯೂಯಾರ್ಕ್‌ನ ಜ್ಯಾಕ್ಸನ್ ಹೈಟ್ಸ್‌ನ ದಿನಸಿ ಅಂಗಡಿಯಲ್ಲಿ. ಜೋಳದ ಹಿಟ್ಟಿನ ಚೀಲವನ್ನು ಮೂಸಿ ನೋಡಿ, "ಇದು ಹಳೇದೈತಿ ಬಿಡ್ರಿ" ಎಂದು ತಮಗೆ ತಾವೇ ಹೇಳಿಕೊಳ್ಳುತ್ತಿದ್ದರು. ನಾನು ಕನ್ನಡದಲ್ಲಿ ನಕ್ಕೆ ಅಂತ ಅವರು ಆಮೇಲೆ ಹೇಳುತ್ತಿದ್ದರು. ಧಾರವಾಡದವರು, ಆಪರೇಷನ್‌ಗೆ ಮುಂಚೆ ಅರಿವಳಿಕೆ ಕೊಡುವ ಡಾಕ್ಟರು, ಒಬ್ಬಂಟಿ. ಅವರಿಗಿದ್ದ ಒಂದೇ ಹುಚ್ಚು ಎಂದರೆ ಅವರ ವಿಮಾನ.

ಅದು ಎರಡೇ ಸೀಟಿನ ಪುಟ್ಟ ವಿಮಾನ. ಹೊಟ್ಟೆ ದೋಣಿಯ ಹಾಗೆ, ಒಳಗೆ ಮಡಚಿಕೊಳ್ಳುವ ಗಾಲಿ. ರನ್‌ವೇ ಮೇಲೂ ಇಳಿಯುತ್ತದೆ, ನೀರಿನ ಮೇಲೂ ಇಳಿಯುತ್ತದೆ. ರಸ್ತೆಯೇ ಇಲ್ಲದ ಬೆಟ್ಟದ ಕೆರೆಗಳನ್ನು ಹುಡುಕಿಕೊಂಡು ಹೋಗಿ ಇಳಿಯುವುದು, ರೆಕ್ಕೆಯ ಮೇಲೆ ಕೂತು ರೊಟ್ಟಿ ಚಟ್ನಿಪುಡಿ ತಿನ್ನುವುದು, ವಾಪಸ್ ಬರುವುದು. ಯಾವತ್ತಾದರೂ ನೆವಾಡಾದ ಮರಳುಗಾಡಿನ ಕೆರೆಗಳಿಗೆ ಹೋಗಬೇಕು ಎಂಬುದು ಅವರ ದೊಡ್ಡ ಆಸೆ. ಸುತ್ತ ಒಂದು ಹುಲ್ಲುಕಡ್ಡಿಯೂ ಇಲ್ಲದ ಕಡೆ ನೀಲಿ ತಟ್ಟೆ ಇಟ್ಟ ಹಾಗೆ ನೀರು ಇರುತ್ತದಂತೆ. ಸುಮಾಗೆ ಇದು ಸರಿಬರಲಿಲ್ಲ. ನೀರಿಗೊಂದು ನೆಲಕ್ಕೊಂದು ಅಂತ ಬೇರೆ ಬೇರೆ ಮಾಡಿಟ್ಟಿರುವಾಗ ಎರಡನ್ನೂ ಒಂದರಲ್ಲೇ ಮಾಡುವುದೇಕೆ ಎಂದು ಕೇಳಿದಳು. "ಇಟ್ಸ್ ಬೇಸಿಕಲಿ ಅ ಡಕ್, ಅಮ್ಮಾ" ಎಂದಳು ಮಗಳು. ನಾನು ಹೋದೆ. ಗೋದಾಮಿನಲ್ಲಿ ದಿನವೆಲ್ಲ ತಗಡಿನ ಮಾಡು ನೋಡುವವನಿಗೆ ಆಕಾಶ ಕೊಡುತ್ತೇನೆ ಅಂದರೆ ಬೇಡ ಅನ್ನುವುದು ಕಷ್ಟ.

ಈ ವಿಮಾನದಲ್ಲಿ ಒಂದು ವಿಷಯ ಮಾತ್ರ ಮರೆಯುವಂತಿಲ್ಲ. ರನ್‌ವೇಗೆ ಗಾಲಿ ಕೆಳಗೆ ಇರಬೇಕು, ನೀರಿಗೆ ಗಾಲಿ ಮೇಲೆ ಇರಬೇಕು. ಗಾಲಿ ಬಿಟ್ಟುಕೊಂಡು ನೀರಿಗೆ ಇಳಿದರೆ ಗಾಲಿ ನೀರನ್ನು ಕಚ್ಚುತ್ತದೆ, ವಿಮಾನ ಮುಗ್ಗರಿಸಿ ತಲೆಕೆಳಗಾಗುತ್ತದೆ, ಒಳಗಿದ್ದವರು ಬೆಲ್ಟ್‌ನಲ್ಲಿ ನೇತಾಡುತ್ತಾ ಮುಳುಗುತ್ತಾರೆ. ಡಾಕ್ಟರು ಇದನ್ನು ಮೊದಲ ದಿನವೇ ಬಿಡಿಸಿ ಹೇಳಿದ್ದರು. ಹಸಿರು ದೀಪ ಹತ್ತಿದರೆ ಗಾಲಿ ಕೆಳಗೆ, ನೀಲಿ ದೀಪ ಹತ್ತಿದರೆ ಮೇಲೆ.

ಆ ದಿನ ಎಲೆಗಳು ಕೆಂಪಾಗುವ ಕಾಲ. ಬೆಳಿಗ್ಗೆ ನ್ಯೂಜೆರ್ಸಿಯಿಂದ ಹೊರಟು, ದಾರಿಯಲ್ಲಿ ನ್ಯೂಯಾರ್ಕ್‌ನ ಉತ್ತರದ ಒಂದು ಸಣ್ಣ ಏರ್‌ಪೋರ್ಟ್‌ನಲ್ಲಿ ಇಳಿದು ಪೆಟ್ರೋಲ್ ತುಂಬಿಸಿಕೊಂಡೆವು. ಅಲ್ಲಿಂದ ಆಡಿರೊಂಡ್ಯಾಕ್ ಬೆಟ್ಟಗಳ ಮಧ್ಯೆ ಒಂದು ಉದ್ದನೆಯ ಕೆರೆ. ಹೆಸರು ಡಾಕ್ಟರಿಗೂ ಗೊತ್ತಿರಲಿಲ್ಲ. ನೀರು ಅಲುಗುತ್ತಿರಲಿಲ್ಲ, ಎಣ್ಣೆ ಹಾಗೆ ನಿಂತಿತ್ತು. ಆಚೆ ತುದಿಯಲ್ಲಿ ಮಂಜು ಗೋಡೆ ಕಟ್ಟಿತ್ತು. ಮೇಲೆ ಒಂದು ಸುತ್ತು ಹಾಕಿದೆವು.

"ಇಳಸ್ಲೇನಪಾ?" ಎಂದರು ಡಾಕ್ಟರು.

"ಇಳ್ಸಿ ಡಾಕ್ಟ್ರೇ" ಎಂದೆ.

ನಾನು ಹೇಳಿದ್ದು ವಿಮಾನವನ್ನು. ಅವರು ಕೇಳಿದ್ದೂ ವಿಮಾನವನ್ನೇ. ಆದರೆ ಸ್ವಲ್ಪ ಹೊತ್ತಿಗೆ ಮುಂಚೆ ಏರ್‌ಪೋರ್ಟ್‌ನಲ್ಲಿ ಇದೇ ಮಾತು ಆಡಿ ಗಾಲಿ ಇಳಿಸಿದ್ದರು. ಕನ್ನಡದಲ್ಲಿ ವಿಮಾನಕ್ಕೂ ಗಾಲಿಗೂ ಇಳಿಸು ಎಂಬುದು ಒಂದೇ ಪದ. ಅವರ ಕೈ ಕಿವಿಯ ಮಾತು ಕೇಳಿತು, ತಲೆಯನ್ನು ಕೇಳಲಿಲ್ಲ. ಗಾಲಿಯ ಸ್ವಿಚ್ ಒತ್ತಿತು. ದೀಪ ಹಸಿರಾಯಿತು. ಹಸಿರು ಅಂದರೆ ಎಲ್ಲ ಸರಿಯಾಗಿದೆ ಎಂದು ನಮ್ಮಿಬ್ಬರ ಕಣ್ಣಿಗೂ ಅನ್ನಿಸಿತು. ಇದೆಲ್ಲ ಆಮೇಲೆ ಕೂತು ಬಿಡಿಸಿಕೊಂಡದ್ದು. ಆಗ ನಮಗೆ ಏನೂ ಗೊತ್ತಿರಲಿಲ್ಲ. ನಾನು ರೊಟ್ಟಿ ಡಬ್ಬಿಯನ್ನು ತೊಡೆಯ ಮೇಲೆ ಹಿಡಿದುಕೊಂಡಿದ್ದೆ.

ನೀರು ಹತ್ತಿರ ಬಂತು. ಇನ್ನೇನು ಮುಟ್ಟಬೇಕು, ಆಗ ಎದುರಿನ ಮಂಜಿನೊಳಗಿಂದ ಒಂದು ವಿಮಾನ ಬಂತು. ನಮ್ಮದೇ ಎತ್ತರ, ನೇರ ನಮ್ಮ ಕಡೆಗೆ. ನಮ್ಮ ಹಾಗೇ ಬಿಳಿ ಮೈ, ನಮ್ಮ ಹಾಗೇ ಕೆಂಪು ಪಟ್ಟಿ. ಹೊಟ್ಟೆಯ ಕೆಳಗೆ ಗಾಲಿಗಳು ಜೋತಾಡುತ್ತಿದ್ದವು.

"ಯಾಂವಲೇ ಇಂವಾ" ಎಂದು ಡಾಕ್ಟರು ವಿಮಾನವನ್ನು ಎಳೆದು ಮೇಲೆತ್ತಿದರು. ಡಬ್ಬಿ ಕೆಳಗೆ ಬಿದ್ದು ರೊಟ್ಟಿಯೆಲ್ಲ ಕಾಲಡಿಗೆ ಹೋಯಿತು. ಮರಗಳ ನೆತ್ತಿ ಸವರಿಕೊಂಡು ತಿರುಗಿ ಬಂದು ನೋಡಿದೆವು. ಕೆರೆ ಖಾಲಿ. ನೀರಿನ ಮೇಲೆ ಒಂದು ಗೆರೆಯೂ ಇರಲಿಲ್ಲ. ಡಾಕ್ಟರು ರೇಡಿಯೊದಲ್ಲಿ ಕರೆದರು, ಯಾರೂ ಮಾತಾಡಲಿಲ್ಲ. ಯಾರೋ ತಲೆಕೆಟ್ಟವನು, ಮಂಜಿನಲ್ಲಿ ಹಾಗೇ ಹೋಗಿಬಿಟ್ಟ ಎಂದು ಬೈಯುತ್ತಿದ್ದರು.

"ಅವ್ನಿಗೆ ಬುದ್ಧಿ ಇಲ್ಲ ಡಾಕ್ಟ್ರೇ, ಗಾಲಿ ಬಿಟ್ಕೊಂಡೇ ಇಳೀತಿದ್ದ" ಎಂದೆ ನಾನು.

ಅವರು ಬೈಯುವುದನ್ನು ನಿಲ್ಲಿಸಿದರು. ನಿಧಾನವಾಗಿ ದೀಪ ನೋಡಿದರು. ನಾನೂ ನೋಡಿದೆ. ಹಸಿರು.

ಆ ದಿನ ಕೆರೆಗೆ ಇಳಿಯಲಿಲ್ಲ. ಪೆಟ್ರೋಲ್ ತುಂಬಿಸಿದ ಏರ್‌ಪೋರ್ಟ್‌ಗೇ ವಾಪಸ್ ಹೋಗಿ ಇಳಿದೆವು. ರೆಕ್ಕೆಯ ನೆರಳಿನಲ್ಲಿ ಬಹಳ ಹೊತ್ತು ಕೂತೆವು. ಡಾಕ್ಟರು ಸ್ವಿಚ್ ಒತ್ತಿದ ಕೈಯನ್ನೇ ತಿರುಗಿಸಿ ನೋಡಿಕೊಂಡರು. ಇಷ್ಟು ವರ್ಷ ಜನರನ್ನು ಮಲಗಿಸಿ ಎಬ್ಬಿಸಿದ ಕೈ ಅದು. ಮಂಜು ಕನ್ನಡಿಯ ಹಾಗೆ ಆಗಿ ನಮ್ಮ ವಿಮಾನವನ್ನೇ ನಮಗೆ ತೋರಿಸಿರಬೇಕು ಎಂದು ಅವರು ಹೇಳಿದರು. ನಾನು ಇರಬಹುದು ಅಂದೆ. ಆಗಲೇ ನನಗೆ ಇನ್ನೊಂದು ನೆನಪಾಯಿತು. ಹೇಳಬಾರದಿತ್ತೇನೋ, ಬಾಯಿಗೆ ಬಂದುಬಿಟ್ಟಿತು.

"ಅದ್ರಲ್ಲಿ ಒಬ್ರೇ ಇದ್ರು, ಡಾಕ್ಟ್ರೇ."

ಅವರು ಗಾಜಿನೊಳಗೆ ನೋಡಿರಲಿಲ್ಲ, ನಾನು ನೋಡಿದ್ದೆ. ಒಂದು ತಲೆ, ಹೆಡ್‌ಸೆಟ್. ಪಕ್ಕದ ಸೀಟು ಖಾಲಿ. ಯಾವ ಕಡೆ ಕೂತಿದ್ದರು ಎಂದು ಡಾಕ್ಟರು ಕೇಳಿದರು. ನನ್ನ ಎಡಗಡೆಗೆ ಕಂಡರು ಎಂದೆ. ಅವರು ಹುಲ್ಲಿನ ಮೇಲೆ ಎರಡು ಕಲ್ಲಿಟ್ಟು, ತಿರುಗಿಸಿ ತಿರುಗಿಸಿ ಲೆಕ್ಕ ಹಾಕಿದರು. ನಮ್ಮ ವಿಮಾನದಲ್ಲಿ ಎಡಗಡೆ ಅವರು, ಬಲಗಡೆ ನಾನು. ಕನ್ನಡಿಯಲ್ಲಿ ಎಡಗಡೆ ಇದ್ದದ್ದು ಎಡಗಡೆಗೇ ಕಾಣುತ್ತದೆ. ಹಾಗಾದರೆ ಇದ್ದವರು ಅವರು, ಖಾಲಿ ಇದ್ದದ್ದು ನನ್ನ ಸೀಟು. ಅದು ಕನ್ನಡಿಯಲ್ಲ, ನಿಜವಾಗಿ ಎದುರಿಗೆ ಬಂದ ವಿಮಾನ ಅಂದರೆ ಲೆಕ್ಕ ಅದಲುಬದಲು. ಇದ್ದವನು ನಾನು, ನಡೆಸುವವರ ಸೀಟು ಖಾಲಿ. ಡಾಕ್ಟರು ಕಲ್ಲುಗಳನ್ನು ಎತ್ತಿ ದೂರ ಎಸೆದರು. ಮೆಟುಚೆನ್ ಮುಟ್ಟುವ ತನಕ ಆ ಮಾತು ಮತ್ತೆ ಎತ್ತಲಿಲ್ಲ.

ಮನೆಗೆ ಬಂದು ಸುಮಾಗೆ ಎಲ್ಲ ಹೇಳಿದೆ. ಇನ್ನು ಹೋಗಬೇಡಿ ಅನ್ನುತ್ತಾಳೆ ಎಂದುಕೊಂಡಿದ್ದೆ. ಅವಳು ಒರೆಸುತ್ತಿದ್ದ ಪಾತ್ರೆಯನ್ನು ಕಪಾಟಿನಲ್ಲಿಟ್ಟಳು.

"ನೀವು ಹೋಗ್ಲಿಲ್ಲ ಅಂದ್ರೆ ಅವ್ರು ಒಬ್ರೇ ಹೋಗ್ತಾರಲ್ರೀ" ಎಂದಳು.

ಆ ಮಾತು ನನ್ನನ್ನು ಕೂರಲು ಬಿಡಲಿಲ್ಲ. ಕೆಲಸದಲ್ಲಿ ಫೋರ್ಕ್‌ಲಿಫ್ಟ್‌ನ ಕೆಳಗೆ ಮಲಗಿದ್ದಾಗಲೂ ತಲೆಯಲ್ಲಿ ಎರಡು ಸೀಟು. ನಾನು ಕೂತರೆ ಎರಡೂ ತುಂಬುತ್ತವೆ, ಆಗ ನಾನು ಕಂಡದ್ದು ನಡೆಯುವುದಕ್ಕೆ ಆಗುವುದಿಲ್ಲ. ಇಲ್ಲ, ಇಬ್ಬರೂ ಕೂತರೇ ಅಲ್ಲವೇ ಅವರಲ್ಲಿ ಒಬ್ಬರು ಇಲ್ಲದಂತಾಗುವುದು? ಎರಡೂ ಸರಿ ಅನ್ನಿಸುತ್ತಿತ್ತು. ಕೊನೆಗೆ ಡಾಕ್ಟರು ಫೋನ್ ಮಾಡಿದಾಗ ಬರುತ್ತೇನೆ ಎಂದೆ. ಅಂದಿನಿಂದ ಒಂದು ಸಲವೂ ಅವರನ್ನು ಒಬ್ಬರನ್ನೇ ಬಿಟ್ಟಿಲ್ಲ. ಇಳಿಸು ಎಂಬ ಪದವನ್ನು ವಿಮಾನದಲ್ಲಿ ಬಿಟ್ಟುಬಿಟ್ಟಿದ್ದೇವೆ. ಈಗ ನೀರಿಗೆ ಹೋಗುವಾಗ ಇಬ್ಬರೂ ಬೆರಳಿಟ್ಟು ತೋರಿಸಿ "ನೀಲಿ" ಎನ್ನುತ್ತೇವೆ. ಅದರ ಜೊತೆಗೆ, ನೀರಿನ ಮೇಲೆ ನಿಂತ ಮೇಲೆ ಒಬ್ಬರನ್ನೊಬ್ಬರು ಕೇಳುವ ಇನ್ನೊಂದು ಮಾತೂ ಸೇರಿಕೊಂಡಿದೆ. ಅದನ್ನು ಯಾರು ಶುರು ಮಾಡಿದರೋ ನೆನಪಿಲ್ಲ.

ಕಳೆದ ಬೇಸಿಗೆಯಲ್ಲಿ ನೆವಾಡಾಗೂ ಹೋಗಿ ಬಂದೆವು. ಡಾಕ್ಟರು ಹೇಳಿದ ಹಾಗೇ ಇತ್ತು. ಬೋಳು ಗುಡ್ಡ, ಬೂದಿ ಬಣ್ಣದ ನೆಲ, ಮಧ್ಯೆ ನೀಲಿ ತಟ್ಟೆ. ಅಲ್ಲಿ ಮಂಜು ಎಲ್ಲಿಂದ ಬರಬೇಕು, ಮೋಡವೂ ಇರಲಿಲ್ಲ. ಆದರೂ ನೀರು ಮುಟ್ಟುವ ತನಕ ನಾನು ಎದುರಿನ ದಡವನ್ನೇ ನೋಡುತ್ತಿದ್ದೆ. ದೀಪ ನೀಲಿ. ಹೊಟ್ಟೆಯಡಿಯಲ್ಲಿ ನೀರು ಸರಸರ ಅಂದಿತು, ವಿಮಾನ ನಿಧಾನವಾಗಿ ನಿಂತಿತು. ಇಂಜಿನ್ ಆರಿಸಿದ ಮೇಲೆ ಕಿವಿ ಗುಂಯ್ ಅನ್ನುವಷ್ಟು ನಿಶ್ಶಬ್ದ.

"ಅದೀಯೇನೋ?" ಎಂದರು ಡಾಕ್ಟರು, ಎದುರಿಗೇ ನೋಡುತ್ತಾ.

"ಇದೀನಿ" ಎಂದೆ. "ನೀವು?"

ಅವರು ತಕ್ಷಣ ಉತ್ತರ ಕೊಡಲಿಲ್ಲ. ನಾನು ತಿರುಗಿ ಅವರ ಸೀಟಿನ ಕಡೆ ನೋಡುವುದಕ್ಕೆ ಹೆದರಿ, ನೀಲಿ ದೀಪವನ್ನೇ ನೋಡುತ್ತಾ ಕೂತೆ.