ಗೌಸು ಮಿಸ್ತ್ರಿಯ ‘ಹುಟ್ಟಿದ್ದು’ ಮತ್ತು ‘ಬಂದದ್ದು’

ಜಮಖಂಡಿಯಲ್ಲಿ ಗೌಸು ಮಿಸ್ತ್ರಿಯ ಮುಖಕ್ಕಿಂತ ಅವರ ಅಂಗಾಲುಗಳನ್ನು ಗುರುತಿಸುವವರೇ ಹೆಚ್ಚಿದ್ದರು. ಹಳೆಯ ಕಾರು ನೋಡಲು ಕರೆದರೆ ಅವರು ಕಂಕುಳಲ್ಲಿ ಒಂದು ಈಚಲ ಚಾಪೆ ಇಟ್ಟುಕೊಂಡು ಬರುತ್ತಿದ್ದರು. ಬಾನೆಟ್ ಎತ್ತುವುದಿಲ್ಲ, ಬಾಗಿಲು ತೆರೆಯುವುದಿಲ್ಲ. ಚಾಪೆ ಹಾಸಿ, ಚಪ್ಪಲಿ ಬಿಟ್ಟು, ಕಾರಿನ ಕೆಳಗೆ ಅಂಗಾತ ಸರಿದುಬಿಡುವುದು. ಆಮೇಲೆ ಅರ್ಧ ತಾಸು ಹೊರಗಿನವರಿಗೆ ಕಾಣುತ್ತಿದ್ದದ್ದು ಅಂಗಾಲು ಎರಡೇ. ಬಲ ಹಿಮ್ಮಡಿಯಲ್ಲಿ ಉದ್ದನೆಯದೊಂದು ಬಿರುಕು, ಬಿರುಕಿನಲ್ಲಿ ಯಾವ ಸಾಬೂನಿಗೂ ಜಗ್ಗದ ಗ್ರೀಸು. ಕಾರಿನ ಮಾಲೀಕರು ಆ ಅಂಗಾಲುಗಳ ಮುಂದೆ ಕೈಕಟ್ಟಿ ನಿಂತು ಕಾಯುತ್ತಿದ್ದರು.

ನಾನು ಆಗ ವಾಹನ ವಿಮೆಯ ಕಚೇರಿಯಲ್ಲಿದ್ದೆ. ಓದಿದ್ದು ವಾಣಿಜ್ಯ. ಕಾರಿಗೆ ನಾಲ್ಕು ಚಕ್ರ ಇರುತ್ತವೆ, ಐದನೆಯದಕ್ಕೆ ಸ್ಟೆಪ್ನಿ ಎನ್ನುತ್ತಾರೆ ಎಂಬುದರ ಆಚೆಗೆ ನನಗೆ ಹೆಚ್ಚೇನೂ ತಿಳಿದಿರಲಿಲ್ಲ. ಹಳೆಯ ಕಾರುಗಳ ಬೆಲೆ ಗೊತ್ತುಮಾಡುವ ಕೆಲಸ ಬಂದಾಗಲೆಲ್ಲ ಬಸ್ ಸ್ಟ್ಯಾಂಡಿನ ಹಿಂದಿದ್ದ ಮಿಸ್ತ್ರಿಯ ಗ್ಯಾರೇಜಿಗೆ ಹೋಗುತ್ತಿದ್ದೆ. ಅಲ್ಲಿ ಕೂಡಲು ಇದ್ದದ್ದು ಒಂದೇ ಆಸನ: ಗೋಣಿಚೀಲ ಹೊದಿಸಿದ ಗಟ್ಟಿ ಕಬ್ಬಿಣದ ಗಡ್ಡೆ. ಅದರ ಮೇಲೆ ಕೂತು ನಾನು ವರ್ಷಗಟ್ಟಲೆ ಚಹಾ ಕುಡಿದಿದ್ದೇನೆ. ಅದೇನೆಂದು ಒಮ್ಮೆಯೂ ಕೇಳಲಿಲ್ಲ.

ಮಿಸ್ತ್ರಿಯ ಲೆಕ್ಕದಲ್ಲಿ ಕಾರಿನ ಭಾಗಗಳು ಎರಡೇ ಜಾತಿ. ಕಾರ್ಖಾನೆಯಿಂದ ಕಾರಿನ ಜೊತೆಗೇ ಬಂದದ್ದು ‘ಹುಟ್ಟಿದ್ದು’. ಆಮೇಲೆ ಯಾರೋ ಕೂಡಿಸಿದ್ದು ‘ಬಂದದ್ದು’. ಕೆಳಗಿನಿಂದ ಅವರ ದನಿ ಮಾತ್ರ ಬರುತ್ತಿತ್ತು: ಪಾಟಾ ಸ್ಪ್ರಿಂಗು ಹುಟ್ಟಿದ್ದು, ಸೈಲೆನ್ಸರ್ ಬಂದದ್ದು, ಡೈನಮೋ ಬಂದದ್ದು. ನಾನು ಬರೆದುಕೊಳ್ಳುತ್ತಿದ್ದೆ. ಬಂದದ್ದು ಎಂದ ಕೂಡಲೇ ಮಾಲೀಕರ ಮುಖ ಸಣ್ಣದಾಗುತ್ತಿತ್ತು. ಆಗ ಮಿಸ್ತ್ರಿ ಸಮಾಧಾನ ಹೇಳುವವರಂತೆ ಅನ್ನುತ್ತಿದ್ದರು, “ಬಂದದ್ದು ಕೆಟ್ಟದ್ದು ಅಂತ ಅಲ್ಲರಿ. ಬಂದದ್ದಕ್ಕ ಹುಟ್ಟಿದ್ದು ಅನಬಾರದು, ಅಷ್ಟ.”

ಒಮ್ಮೆ ಮುಧೋಳದಲ್ಲಿ ನಿವೃತ್ತ ಅಧಿಕಾರಿಯೊಬ್ಬರು ತಮ್ಮ ಕಾರಿಗೆ ಭಾರೀ ಬೆಲೆ ಹೇಳಿದರು. ಸಂಸ್ಥಾನದ ಕಾಲದ್ದು, ಸ್ವತಃ ರಾಜಾ ಸರಕಾರರು ಕೂತದ್ದು ಎಂದು ಚಹಾ ಬರುವಷ್ಟರಲ್ಲಿ ಮೂರು ಸಲ ಹೇಳಿಯಾಗಿತ್ತು. ಮಿಸ್ತ್ರಿ ಕೆಳಗೆ ಹೋದವರು ಅಂದು ಬಹಳ ಹೊತ್ತು ದನಿ ಎತ್ತಲಿಲ್ಲ. ನಿದ್ದೆ ಹತ್ತಿತೇನೋ ಎಂದು ನಾನು ಬಗ್ಗಿ ನೋಡಿದೆ. ಕೊನೆಗೆ ಹೊರಬಂದು, ಚಾಪೆ ಸುತ್ತುತ್ತ ಹೇಳಿದರು, “ಹಾರನ್ ಹುಟ್ಟಿದ್ದು. ಉಳಿದದ್ದೆಲ್ಲಾ ಬಂದದ್ದು.” ಅಧಿಕಾರಿಗಳು ಕೆಂಪಾದರು. ಸರಕಾರರು ಕೂತ ಕಾರನ್ನು ಸುಳ್ಳು ಎನ್ನುತ್ತೀಯೇನು ಎಂದು ಕೇಳಿದರು. ಮಿಸ್ತ್ರಿ ತಣ್ಣಗೆ, “ಕೂತಿರಬೇಕ್ರಿ. ಈ ಸೀಟಿನ್ಯಾಗ ಅಲ್ಲ” ಎಂದರು. ನಮಗೆ ಆ ದಿನ ಎರಡನೆಯ ಸಲ ಚಹಾ ಬರಲಿಲ್ಲ.

ಇಂಥ ಮನುಷ್ಯನನ್ನು ನನ್ನ ಹೆಂಡತಿಯ ತವರಿಗೇ ಕರೆದೊಯ್ಯುವ ಪ್ರಸಂಗ ಬರುತ್ತದೆಂದು ನಾನು ಎಣಿಸಿರಲಿಲ್ಲ.

ನನ್ನ ಮಾವ ಶಿವಲಿಂಗಪ್ಪನವರು ರಬಕವಿಯಲ್ಲಿ ಸೀರೆ ವ್ಯಾಪಾರಿ. ಮನೆಯ ಹಿಂದೆ ಮಗ್ಗಗಳು, ಪಕ್ಕದಲ್ಲಿ ಮಗ್ಗಕ್ಕೆ ನೂಲಿನ ಹಾಸು ಹೂಡುವ ಉದ್ದನೆಯ ತಗಡಿನ ಮನೆ. ಪ್ರಾಯದಲ್ಲಿ ಸೀರೆ ಮಾರಲು ಮುಂಬಯಿಗೆ ಹೋದವರು, ಅಲ್ಲಿಯ ಒಬ್ಬ ಅಮೆರಿಕನ್ ಸಾಹೇಬ ಊರಿಗೆ ಮರಳುವಾಗ ಬಿಟ್ಟುಹೋದ ಕಾರನ್ನು ಹರಾಜಿನಲ್ಲಿ ಹಿಡಿದು ತಂದಿದ್ದರು. ಎರಡೇ ಬಾಗಿಲು, ಎಂಟು ಸಿಲಿಂಡರು, ಎಡಗಡೆ ಸ್ಟೇರಿಂಗು. ಶುರು ಮಾಡಿದರೆ ಬನಹಟ್ಟಿಯವರೆಗೆ ಕೇಳಿಸುತ್ತಿತ್ತು, ಬನಹಟ್ಟಿಯವರೆಗೆ ಹೋಗುವಷ್ಟರಲ್ಲಿ ಪೆಟ್ರೋಲ್ ಮುಗಿಯುತ್ತಿತ್ತು. ನೇಕಾರರು ಅದಕ್ಕೆ ಪೈಲ್ವಾನ ಎಂದು ಹೆಸರಿಟ್ಟಿದ್ದರು. ತಿನ್ನುವುದು ಜಾಸ್ತಿ, ದುಡಿಯುವುದು ವರ್ಷಕ್ಕೊಂದು ಸಲ. ಹೀಗಾಗಿ ಅದು ಬಣ್ಣದ ನೂಲಿನ ಅರಳೆ ಹಾರುವ ಆ ತಗಡಿನ ಮನೆಯಲ್ಲೇ ನಿಂತಿರುತ್ತಿತ್ತು.

ಎಂಬತ್ತರ ದಶಕದ ನಡುವೆ ನಮ್ಮ ಅತ್ತೆಗೆ ನಾಲ್ಕು ಹೆಜ್ಜೆ ನಡೆದರೆ ಏದುಸಿರು ಬರತೊಡಗಿತು. ಹೃದಯದ ಒಂದು ವಾಲ್ವು ಕೆಟ್ಟಿದೆ, ಮುಂಬಯಿಯಲ್ಲಿ ಬದಲಿಸಬೇಕು, ಹೊಸದು ವಿದೇಶದಿಂದ ಬರಬೇಕು ಎಂದರು ಮಿರಜದ ಡಾಕ್ಟರು. ಅಷ್ಟು ಹಣಕ್ಕೆ ಮಾವನ ಬಳಿ ಎರಡೇ ದಾರಿ: ಮಗ್ಗ ಮಾರುವುದು, ಇಲ್ಲವೇ ಪೈಲ್ವಾನನನ್ನು ಮಾರುವುದು. ಮಗ್ಗಗಳನ್ನು ನಂಬಿ ಹನ್ನೊಂದು ಮನೆಗಳ ಒಲೆ ಉರಿಯುತ್ತಿತ್ತು. ಅದೇ ಹೊತ್ತಿಗೆ, ಇಂಥ ಕಾರುಗಳನ್ನು ಕೂಡಿಡುವ ಮುಂಬಯಿಯ ಶೋಕೀನರೊಬ್ಬರಿಂದ ಪತ್ರ ಬಂತು. ಎಂಜಿನ್ನು ಕಾರಿನ ಜೊತೆಗೇ ಹುಟ್ಟಿದ್ದಾದರೆ ಒಂದು ಬೆಲೆ, ಅಲ್ಲದಿದ್ದರೆ ಅದರ ಅರ್ಧ. ಎಂಜಿನ್ನಿನ ಮೇಲೆ ಕೆತ್ತಿದ ನಂಬರು ಸ್ಪಷ್ಟವಾಗಿ ಕಾಣಬೇಕು.

ಇಲ್ಲೇ ಮಾವ ಎಡವಿದ್ದು. ಎಂಜಿನ್ನಿನ ಮೇಲೆ ನಂಬರು ಇದ್ದ ಜಾಗ ಅಂಗೈಯಗಲ ಸಪಾಟಾಗಿತ್ತು. ವಿಭೂತಿ ಎಳೆದು ಕುಂಕುಮ ಇಡಲು ಅದಕ್ಕಿಂತ ಒಳ್ಳೆಯ ಜಾಗ ಕಾರಿನಲ್ಲೇ ಇರಲಿಲ್ಲ. ಹದಿನೈದು ವರ್ಷ ಪ್ರತಿ ದಸರೆಯ ಖಂಡೇಪೂಜೆಗೆ ಅಲ್ಲೇ ಪೂಜೆಯಾಗಿ, ವಿಭೂತಿ ಕುಂಕುಮವೆಲ್ಲ ಎಣ್ಣೆಯಲ್ಲಿ ಕಲಸಿ ಕಲ್ಲಾಗಿ ಕೂತಿತ್ತು. ನಂಬರು ಕಾಣಬೇಕೆಂದು ಪತ್ರದಲ್ಲಿ ಬರೆದದ್ದೇ ತಡ, ಮಾವ ಉಳಿ ಮತ್ತು ಪಾಲಿಶ್ ಕಾಗದ ಹಿಡಿದು ಇಡೀ ದಿನ ಕೂತರು. ದೇವರ ಬೆಳ್ಳಿ ಸಾಮಾನು ತಿಕ್ಕುವ ಶ್ರದ್ಧೆಯಿಂದ ತಿಕ್ಕಿದರು. ಸಂಜೆಗೆ ಆ ಜಾಗ ಕನ್ನಡಿಯಂತೆ ಹೊಳೆಯಿತು. ಅದರಲ್ಲಿ ಮಾವನ ಮುಖ ಕಂಡಿತು, ನಂಬರು ಕಾಣಲಿಲ್ಲ.

ಇನ್ನೊಂದು ತೊಡಕಿತ್ತು. ಹಲವು ವರ್ಷಗಳ ಹಿಂದೆ ತೇರದಾಳದ ಹತ್ತಿರ ಕಾರಿನ ಗೇರ್‌ಬಾಕ್ಸು ಒಡೆದಾಗ, ಮಿಲಿಟರಿ ಹರಾಜಿನ ಗಾಡಿಯೊಂದರ ಗೇರ್‌ಬಾಕ್ಸು ಕೂಡಿಸಿದವರು ಗೌಸು ಮಿಸ್ತ್ರಿಯೇ. ಅದು ಮಾವ ಮತ್ತು ಮಿಸ್ತ್ರಿ ಇಬ್ಬರಿಗೆ ಮಾತ್ರ ಗೊತ್ತಿತ್ತು. ಕಾರು ಪರೀಕ್ಷಿಸಲು ಮುಂಬಯಿಯವರು ಒಪ್ಪಿದ್ದೂ ಮಿಸ್ತ್ರಿಯನ್ನೇ. ಮಾವ ನನ್ನನ್ನು ಪಕ್ಕಕ್ಕೆ ಕರೆದು, ಗೇರ್‌ಬಾಕ್ಸಿನ ಸುದ್ದಿ ಎತ್ತಬೇಡ ಎಂದು ಮಿಸ್ತ್ರಿಗೆ ಹೇಳು ಎಂದರು. ಹೇಳುವಾಗ ನನ್ನ ಮುಖ ನೋಡಲಿಲ್ಲ.

ರಬಕವಿಗೆ ಹೋಗುವ ಬಸ್ಸಿನಲ್ಲಿ ನಾನು ಮಿಸ್ತ್ರಿಗೆ ಎಲ್ಲ ಹೇಳಿದೆ. ಅತ್ತೆಯ ವಾಲ್ವು, ಅಳಿಸಿಹೋದ ನಂಬರು, ಕೊನೆಗೆ ತಡವರಿಸುತ್ತ ಗೇರ್‌ಬಾಕ್ಸಿನ ಮಾತು. ಅವರು ಚಾಪೆಯನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯಾಚೆಯ ಕಬ್ಬು ನೋಡುತ್ತಿದ್ದರು. ಬನಹಟ್ಟಿ ಬಂದಾಗ ಬಾಯಿ ತೆರೆದರು.

“ಅಕ್ಕಾರ ವಾಲ್ವು ಬಿಗಿ ಆಗೈತೇನು, ಸೋರಾಕತ್ತೈತೇನು?”

ಸೋರುತ್ತಿದೆಯಂತೆ ಎಂದೆ.

“ಹಂಗಾದ್ರ ತಡಾ ಮಾಡಬ್ಯಾಡ್ರಿ” ಎಂದು ಮತ್ತೆ ಕಬ್ಬು ನೋಡತೊಡಗಿದರು. ಗೇರ್‌ಬಾಕ್ಸಿನ ಬಗ್ಗೆ ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ.

ಮುಂಬಯಿಯವರು ಆಗಲೇ ಬಂದು, ಹೊಳೆಯುವ ಖಾಲಿ ಜಾಗ ನೋಡಿ, ಕನ್ನಡಕ ತೆಗೆದು ಒರೆಸಿ, ಮತ್ತೆ ನೋಡಿ, ಪುಸ್ತಕದಲ್ಲಿ ಏನೋ ಗೀಚಿಕೊಂಡಿದ್ದರು. ನಂಬರೇ ಇಲ್ಲದ ಎಂಜಿನ್ನು ಯಾವ ಕಾರಿನದಾದರೂ ಆಗಿರಬಹುದು ಎಂದು ಹಿಂದಿಯಲ್ಲಿ ಮರ್ಯಾದೆಯಿಂದಲೇ ಹೇಳಿದರು. ಅತ್ತೆ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಮಿಸ್ತ್ರಿ ಯಾರನ್ನೂ ಮಾತಾಡಿಸದೆ ಚಾಪೆ ಹಾಸಿ ಒಳಗೆ ಸರಿದರು. ನಾವೆಲ್ಲ ಅಂಗಾಲು ನೋಡುತ್ತ ನಿಂತೆವು.

ಮೊದಲು ಬಂದ ಮಾತೇ, “ಗೇರ್‌ಬಾಕ್ಸ್ ಬಂದದ್ದು. ನಾನ ಹಾಕೇನಿ.”

ಮಾವ ಕಂಬಕ್ಕೆ ಕೈ ಊರಿದರು. ನಿಜ ಹೇಳುತ್ತೇನೆ, ಆ ಹೊತ್ತಿಗೆ ಆ ಎರಡು ಅಂಗಾಲು ಹಿಡಿದು ಅವರನ್ನು ಹೊರಗೆ ಎಳೆದುಬಿಡಬೇಕು ಅನ್ನಿಸುವಷ್ಟು ಸಿಟ್ಟು ನನಗೆ ಬಂದಿತ್ತು. ಸತ್ಯ ಹೇಳಲು ಬೇರೆ ಯಾವ ದಿನವೂ ಇರಲಿಲ್ಲವೇ ಈ ಮನುಷ್ಯನಿಗೆ?

ಆಮೇಲೆ ಕೆಳಗಿನಿಂದ ಸ್ಕ್ರೂಡ್ರೈವರ್ ಕೆರೆಯುವ ಸಪ್ಪಳ ಮಾತ್ರ. ಕೊನೆಗೆ ಮಿಸ್ತ್ರಿ ಹೊರಬಂದರು. ಅಂಗೈಯಲ್ಲಿ ಬೆಣ್ಣೆಯ ಮುದ್ದೆಯಷ್ಟು ಒಂದು ಕರೀ ಹೆಂಟೆ. ಎಂಜಿನ್ನು ಅಡಿಯ ಚೌಕಟ್ಟಿಗೆ, ಚಾಸಿಗೆ, ಕೂಡುವ ಬೋಲ್ಟಿನ ಮೇಲೆ, ಸೋರಿದ ಎಣ್ಣೆಗೆ ಹದಿನೈದು ವರ್ಷದ ನೂಲಿನ ಅರಳೆ ಅಂಟಿ ಆದದ್ದು. ಅದನ್ನು ಸೀಮೆಎಣ್ಣೆಯಲ್ಲಿ ಅದ್ದಿ, ನಡುವೆ ಸೀಳಿ, ಅತ್ತೆಯ ಮುಂದೆ ಹಿಡಿದರು. ಒಳಗೆ ಪದರು ಪದರಾಗಿ ಬಣ್ಣ.

ಅತ್ತೆ ಬಗ್ಗಿ ನೋಡಿದರು. ಆ ಮನೆಯ ನೂಲಿಗೆ ಯಾವ ವರ್ಷ ಯಾವ ಬಣ್ಣ ಎಂದು ಗೊತ್ತುಮಾಡುತ್ತಿದ್ದವರೇ ಅವರು. ಉಸಿರು ತೆಗೆದುಕೊಳ್ಳುತ್ತ, ನಿಂತು ನಿಂತು, ಬೆರಳಿಟ್ಟು ಹೇಳುತ್ತಾ ಹೋದರು. ಈ ಹಸಿರು ದೊಡ್ಡ ಮಗಳ ಮದುವೆಯ ವರ್ಷದ್ದು. ಈ ನೀಲಿ ಯಾರೂ ಕೊಳ್ಳದೆ ಹಾಗೇ ಉಳಿದದ್ದು. ಎಲ್ಲಕ್ಕಿಂತ ತಳದ ಕುಸುಬಿ ಕೆಂಪಿನ ಮೇಲೆ ಬೆರಳು ನಿಂತಿತು.

“ಇದು ಗಾಡಿ ಮನಿಗೆ ಬಂದ ವರ್ಷದ್ದು.”

ಎಂದರೆ ಅಂದಿನಿಂದ ಆ ಬೋಲ್ಟನ್ನು ಯಾರೂ ಬಿಚ್ಚಿರಲಿಲ್ಲ. ಮಿಸ್ತ್ರಿ ಮುಂಬಯಿಯವರಿಗೆ ಚಾಪೆ ತೋರಿಸಿದರು. ಅವರು ಇಸ್ತ್ರಿ ಮಾಡಿದ ಅಂಗಿಯಲ್ಲೇ ಅಂಗಾತ ಮಲಗಿ ಒಳಗೆ ಸರಿದರು. ಅರಳೆ ಕಿತ್ತ ಜಾಗದಲ್ಲಿ, ಬೋಲ್ಟಿನಿಂದ ಚಾಸಿಗೆ ದಾಟಿ ಎಳೆದ ಒಂದು ಹಳದಿ ಬಣ್ಣದ ಗೆರೆ ಇತ್ತಂತೆ. ಕಾರ್ಖಾನೆಯವರು ಬಿಗಿ ಮಾಡಿ ಹಾಕುವ ಗುರುತು. ಬೋಲ್ಟು ಒಮ್ಮೆ ತಿರುಗಿದ್ದರೂ ಗೆರೆ ಒಡೆಯಬೇಕು. ಒಡೆದಿರಲಿಲ್ಲ.

“ಎಂಜಿನ್ ಹುಟ್ಟಿದ್ದು” ಎಂದರು ಮಿಸ್ತ್ರಿ.

ಮುಂಬಯಿಯವರು ಹೊರಬಂದು ಬೆನ್ನಿನ ಧೂಳು ಕೊಡವಿಕೊಂಡು, ತಾನೇ ಮಾಡಿದ ಕೆಲಸವನ್ನು ಮೊದಲು ಬಯಲು ಮಾಡಿದವನು ಎಂಜಿನ್ನಿಗೇಕೆ ಸುಳ್ಳು ಹೇಳುತ್ತಾನೆ ಎನ್ನುತ್ತ, ಪುಸ್ತಕದಲ್ಲಿ ಮೊದಲು ಬರೆದದ್ದನ್ನು ಹೊಡೆದುಹಾಕಿದರು. ಹಳೆಯ ಗೇರ್‌ಬಾಕ್ಸು ಏನಾಯಿತೆಂದು ಕೇಳಿದರು. ಮಿಸ್ತ್ರಿ ನನ್ನತ್ತ ನೋಡಿದರು.

“ಐತ್ರಿ. ಒಡದೈತಿ, ಆದ್ರ ಹುಟ್ಟಿದ್ದು. ಒಗಿಯಾಕ ಬರತೈತೇನು? ನಮ್ಮ ಸಾಹೇಬ್ರು ಅದರ ಮ್ಯಾಲ ಕೂತು ಚಾ ಕುಡೀತಾರ.”

ಪೈಲ್ವಾನ ಗೋಣಿಚೀಲ ಹೊದ್ದ ತನ್ನ ಗಡ್ಡೆಯ ಸಮೇತ ಮುಂಬಯಿಗೆ ಹೋದ. ಪೂರ್ತಿ ಬೆಲೆಯೇ ಬಂತು. ಅತ್ತೆಗೆ ಆಪರೇಷನ್ ಆಯಿತು. ಗ್ಯಾರೇಜಿನಲ್ಲಿ ಮಾತ್ರ ನನಗೆ ಕೂಡಲು ಜಾಗವಿಲ್ಲದಾಯಿತು. ನಾನು ಅವರ ಮೇಲೆ ಸಿಟ್ಟಾದದ್ದನ್ನು ಅವರಿಗೆ ಎಂದೂ ಹೇಳಲಿಲ್ಲ. ಹೇಳಬೇಕಿತ್ತು ಎಂದು ಈಗ ಅನ್ನಿಸುತ್ತದೆ.

ಕೆಲವು ವರ್ಷಗಳ ಮೇಲೆ ಮಿಸ್ತ್ರಿ ಹಾಸಿಗೆ ಹಿಡಿದರು. ಮನೆ ಬಿಟ್ಟು ಹೊರಡದ ಅತ್ತೆ, ನೋಡಲೇಬೇಕು ಎಂದು ಹಟ ಹಿಡಿದು ಜಮಖಂಡಿಗೆ ಬಂದರು. ಮಿಸ್ತ್ರಿ ಅದೇ ಈಚಲ ಚಾಪೆಯ ಮೇಲೆ ಅಂಗಾತ ಮಲಗಿದ್ದರು. ಹಿಮ್ಮಡಿಯ ಬಿರುಕು ಹಾಗೇ ಇತ್ತು, ಗ್ರೀಸು ಮಾತ್ರ ಹೋಗಿತ್ತು. ಅದನ್ನು ನೋಡಿದಾಗ ನನಗೆ ಅಳು ಬಂತು.

ಅತ್ತೆ ಅವರ ತಲೆಯ ಹತ್ತಿರ ಕೂತು ಹಣ್ಣು ಇಟ್ಟರು. ನಾನೇನೋ ಸಮಾಧಾನದ ಮಾತು ಶುರು ಮಾಡಿದೆ. ಮಿಸ್ತ್ರಿ ಕೈ ಎತ್ತಿ ಎಲ್ಲರನ್ನೂ ಸುಮ್ಮನಾಗಿಸಿ ಕಣ್ಣು ಮುಚ್ಚಿದರು. ಆಗ ನನಗೂ ಕೇಳಿಸಿತು: ಅತ್ತೆಯ ಎದೆಯೊಳಗಿನ ಲೋಹದ ವಾಲ್ವು ಟಿಕ್ ಟಿಕ್ ಎಂದು ಸಣ್ಣಗೆ ಬಡಿಯುತ್ತಿತ್ತು. ಮಿಸ್ತ್ರಿ ಕಾರಿನ ಕೆಳಗೆ ಮಲಗಿದಾಗ ಇರುತ್ತಿದ್ದಷ್ಟೇ ಹೊತ್ತು ಹಾಗೇ ಕೇಳುತ್ತಿದ್ದರು.

“ಬಂದದ್ದು ಅಕ್ಕಾರ” ಎಂದರು ಕೊನೆಗೆ. “ಆದ್ರ ಛಲೋ ಕೂತೈತಿ.”

ಅದಾಗಿ ಎಂಟು ದಿನಕ್ಕೆ ಮಿಸ್ತ್ರಿ ಹೋದರು. ಮಗ್ಗಗಳು ನಿಂತ ಮಧ್ಯಾಹ್ನ ಅತ್ತೆಯ ಎದೆಯ ಸದ್ದು ಈಗಲೂ ಪಡಸಾಲೆಯಲ್ಲಿ ಕೇಳಿಸುತ್ತದೆ. ಹೊಸಬರು ಯಾರಾದರೂ ಗಾಬರಿಯಾಗಿ ಅತ್ತಿತ್ತ ನೋಡಿದರೆ, ಹೆದರಬೇಡಿ, ಗೌಸು ಮಿಸ್ತ್ರಿ ನೋಡಿ ಹೋಗಿದ್ದಾರೆ ಎನ್ನುತ್ತಾರೆ ಅತ್ತೆ.