ಬಿಡುವಿದ್ದವರ ಇಸ್ಕೂಲು

ಅರವತ್ತರ ದಶಕದ ಕೊನೆ. ಮಧುರೆ ಹೋಬಳಿಯ ಒಂದು ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟ್ರಾಗಿದ್ದ ನನ್ನ ಹತ್ತಿರ ಎರಡು ಷರಟು, ಒಂದು ದಪ್ಪ ನಿಘಂಟು ಇದ್ದವು. ಷರಟು ಮೂರಿದ್ದಿರಲೂಬಹುದು; ಬಡತನವನ್ನು ನೆನಪು ಇಸ್ತ್ರಿ ಮಾಡಿ ಇಡುತ್ತದೆ.

ಎಸ್ಸೆಸ್ಸೆಲ್ಸಿ ತರಗತಿಯಲ್ಲಿದ್ದ ಒಬ್ಬಳೇ ಹುಡುಗಿ ರಾಗಿ ಹೊಲದ ಕಳೆ ಕೀಳಲು ಶಾಲೆ ಬಿಟ್ಟಳು. ಇನ್ನೊಂದು ವಾರ ತಪ್ಪಿಸಿದರೆ ಹಾಜರಾತಿ ಸಾಲದೆ ಪರೀಕ್ಷೆಗೇ ಕೂರಿಸುತ್ತಿರಲಿಲ್ಲ. ಅವಳಪ್ಪನ ಮನಸ್ಸು ತಿರುಗಿಸಲು ಹೊಲಕ್ಕೇ ಹೋದೆ. ಹಾಜರಾತಿಯ ವಿಷಯ ಹೇಳಿ ಬಂದಿದ್ದರೆ ಸಾಕಿತ್ತು. ನಾನು ಗ್ರೀಸಿನಿಂದ ಶುರು ಮಾಡಿದೆ.

“ನೋಡಿ ಯಜಮಾನ್ರೇ, ಸ್ಕೂಲು ಅನ್ನೋದು ಗ್ರೀಕರ ಸ್ಕೊಲೆ ಅನ್ನೋ ಮಾತಿಂದ ಬಂದದ್ದು. ಸ್ಕಾಲರು, ಸ್ಕಾಲರ್‌ಶಿಪ್ಪು ಎಲ್ಲಾ ಅದರ ಮಕ್ಕಳೇ. ನೀವು ಇಸ್ಕೂಲು ಅಂತೀರಲ್ಲ, ಸ್ಪೇನ್ ದೇಶದೋರೂ ಹಾಗೇ, ಎಸ್ಕ್ವೇಲಾ ಅಂತಾರೆ.”

ಅವರು ಬೀಡಿಯನ್ನು ಕಿವಿಗೆ ಸಿಕ್ಕಿಸಿಕೊಂಡರು. “ಆ ಗ್ರೀಕ್ನೋರು ಅದ್ಕೆ ಏನರ್ಥ ಮಡಗಿದ್ರು ಮೇಷ್ಟ್ರೇ?”

ಬಾಯಿ ಮುಚ್ಚಿಕೊಳ್ಳಬೇಕಾದದ್ದು ಅಲ್ಲೇ. “ಬಿಡುವು,” ಎಂದೆ, ಹೆಮ್ಮೆಯಿಂದ. “ಕೆಲಸ ಇಲ್ಲದೋರು ಕೂತ್ಕೊಂಡು ಮಾತಾಡೋ ಹೊತ್ತು. ಬರ್ತಾ ಬರ್ತಾ ಪಾಠ ಹೇಳೋ ಜಾಗ ಆಯ್ತು.”

ಅವರು ಸಾಲಿನಲ್ಲಿ ಬಗ್ಗಿದ್ದ ಮಗಳನ್ನು ಕೂಗಿದರು. “ಕೇಳುದ್ಯೇನವ್ವಾ? ನಾನು ಹೇಳಿದ್ನೇ ಮೇಷ್ಟ್ರೂ ಹೇಳ್ತಾವ್ರೆ. ಬಿಡುವಿದ್ದೋರಿಗೆ ಕಣವ್ವ ಇಸ್ಕೂಲು. ನಮ್ಗೆಲ್ಲೈತೆ?”

ಹುಡುಗಿ ತಲೆ ಎತ್ತಿ ನನ್ನನ್ನು ನೋಡಿದಳು. ಯಾವ ಇನ್‌ಸ್ಪೆಕ್ಟರೂ ನನ್ನನ್ನು ಹಾಗೆ ನೋಡಿರಲಿಲ್ಲ.

“ಅಪ್ಪಾ, ಬೆಳಿಗ್ಗೆ ಬೆಲ್ ಹೊಡಿಯೋವರ್ಗೂ ಮೇಷ್ಟ್ರಿಗೆ ಬಿಡುವೇ ಅಲ್ವಾ? ಮುಯ್ಯಿ ಆಳಾಗಿ ಬರ್ಲಿ. ಅವ್ರು ಬಂದ ದಿನ ನಾನು ಇಸ್ಕೂಲಿಗೆ ಹೋಗ್ತೀನಿ.”

ಇವತ್ತು ನಿಮ್ಮ ಹೊಲಕ್ಕೆ ನಾವು, ನಾಳೆ ನಮ್ಮ ಹೊಲಕ್ಕೆ ನೀವು ಎಂಬ ಮುಯ್ಯಿಯಲ್ಲಿ ಕೂಲಿ ಇಲ್ಲ, ತಪ್ಪಿಸಿಕೊಳ್ಳುವ ದಾರಿಯೂ ಇಲ್ಲ. ಅಪ್ಪ ನಕ್ಕು ಒಪ್ಪಿದರು. ನಾನು ನಗದೆ ಒಪ್ಪಿದೆ.

ಮರುದಿನ ಬೆಳಗಿನ ಜಾವವೇ ಸಾಲಿಗೆ ಇಳಿದೆ. ಹೊತ್ತೇರಿದ ಮೇಲೆ ಪುಸ್ತಕ ಹಿಡಿದು ಬದುವಿನ ಮೇಲೆ ಹೊರಟವಳು ನಿಂತಳು. “ಸಾ, ನೀವು ಕೀಳ್ತಿರೋದು ರಾಗಿ.”

ಒಂದು ತಿಂಗಳು ಕಳೆ ಕಿತ್ತೆ ಎಂದು ಭಾಷಣಗಳಲ್ಲಿ ಹೇಳಿದ್ದೇನೆ. ನಾಲ್ಕು ದಿನವಿರಬೇಕು. ಐದನೆಯ ದಿನ ಅಪ್ಪ ಬದುವಿನಲ್ಲೇ ನನ್ನನ್ನು ತಡೆದರು.

“ಇನ್ನು ಬರ್ಬೇಡಿ ಮೇಷ್ಟ್ರೇ. ನೀವು ಕಿತ್ತಿದ್ನ ತಿರ್ಗ ನೆಡೋಕೆ ಇಬ್ರು ಆಳು ಬೇಕು. ಅವ್ಳು ದಿನಾ ಹೋಗ್ಲಿ. ನೀವೂ ಹೋಗ್ಬಿಡಿ.”

ಅವಳು ಪರೀಕ್ಷೆಗೆ ಕೂತಳು. ನನ್ನ ಮಾತಿನ ಬಲದಿಂದಲೇ ಎಂದು ಸ್ಟಾಫ್ ರೂಮಿನಲ್ಲಿ ಹೇಳಿಕೊಂಡೆ. ಆದರೆ ಆ ಹೊಲದ ಮೂಲೆಯ ಬೋಳು ತುಂಡು ಕೊಯ್ಲಿನವರೆಗೂ ಬಸ್ಸಿನ ಕಿಟಕಿಗೆ ಕಾಣುತ್ತಿತ್ತು.